ಕಂಚಗಾರನ ಕಿವಿ

"ಗುರುಗಳೇ, ಛಲಕ್ಕೂ ಹಟಕ್ಕೂ ವ್ಯತ್ಯಾಸವೇನು? ತನ್ನೊಳಗೆ ಇರುವುದು ಯಾವುದೆಂದು ಮನುಷ್ಯನಿಗೆ ತಿಳಿಯುವುದು ಹೇಗೆ?"

ಕೇಳಿದವನು ಪ್ರಭಂಜನ. ಮಲೇರಿಯಾಕ್ಕೆ ಹೊಸ ಔಷಧ ಕಂಡುಹಿಡಿಯುವ ಕೆಲಸದಲ್ಲಿ ಎಂಟು ವರ್ಷ ಕಳೆದವನು. ಹಳೆಯ ಮಾತ್ರೆಗಳಿಗೆ ಜಗ್ಗದ ಮಲೇರಿಯಾ ಕಾಡಂಚಿನ ಊರುಗಳಲ್ಲಿ ಹಬ್ಬುತ್ತಿತ್ತು. ಅವನ ಔಷಧ ಇಲಿಗಳ ಮೇಲಿನ ಪರೀಕ್ಷೆಗಳನ್ನು ದಾಟಿ ಮನುಷ್ಯರ ತನಕ ಬಂದಿತ್ತು. ಅಷ್ಟರಲ್ಲಿ ಪರಿಶೀಲನಾ ಸಮಿತಿಯವರು, ಸ್ವಲ್ಪ ಕಾಲ ನಿಲ್ಲಿಸಿ ಇನ್ನೊಮ್ಮೆ ನೋಡಿ ಎಂದು ಬರೆದಿದ್ದರು. ನಿಲ್ಲಿಸಲು ಅವನಿಗೆ ಮನಸ್ಸಿರಲಿಲ್ಲ.

ಗುರುಗಳು ಮೂವತ್ತನಾಲ್ಕು ವರ್ಷ ಕ್ಷಯರೋಗಿಗಳ ವಾರ್ಡು ನೋಡಿಕೊಂಡ ವೈದ್ಯರು. ಪ್ರಭಂಜನನಿಗೆ ಔಷಧಶಾಸ್ತ್ರದ ಮೊದಲ ಪಾಠ ಹೇಳಿದವರು ಅವರೇ.

"ಒಂದು ಮಾತಿನಲ್ಲಿ ಹೇಳಲು ನನಗೆ ಬಾರದು," ಎಂದರು. "ನನ್ನ ವಾರ್ಡಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ಕೇಳು."

ಗುರುಗಳು ಹೇಳಿದ ಕತೆ ಇದು.

ಒಬ್ಬ ರಸಾಯನಶಾಸ್ತ್ರಜ್ಞೆ ಇದ್ದಳು. ಸುವ್ರತಾ ಎಂದು ಹೆಸರು. ಬೆಳಗಾವಿ ಕಡೆಯ ಜೈನರ ಮನೆಯವಳು. ಓದು ಮುಗಿಸಿ ಒಂದು ಸಂಶೋಧನಾ ಸಂಸ್ಥೆಗೆ ಸೇರಿದಳು. ಸಂಸ್ಥೆಯ ಎದುರಿಗೇ ನಮ್ಮ ಆಸ್ಪತ್ರೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ ಆಕೆ ಒಮ್ಮೆ ವಾರ್ಡಿಗೆ ಬಂದಳು. ಅಲ್ಲಿ ಒಬ್ಬ ನೇಕಾರ ಹೆಂಗಸು ಬೆಳಗಿನ ಮಾತ್ರೆ ನುಂಗುತ್ತಿದ್ದಳು. ಹದಿನೆಂಟು ಮಾತ್ರೆ. ಅವಳಿಗಿದ್ದದ್ದು ಸಾಮಾನ್ಯ ಮಾತ್ರೆಗಳಿಗೆ ಬಗ್ಗದ ಕ್ಷಯ. ಒಂದೂವರೆ ವರ್ಷದಿಂದ ದಿನವೂ ಹದಿನೆಂಟು ನುಂಗುತ್ತಿದ್ದರೂ ಕಫದಲ್ಲಿ ರೋಗಾಣು ಹಾಗೇ ಇತ್ತು. ಆಕೆ ಕೊನೆಯ ಮಾತ್ರೆ ನುಂಗಿ, ನೀರಿನ ಲೋಟ ಕೆಳಗಿಟ್ಟು, ಸುವ್ರತಾಳನ್ನು ಕೇಳಿದಳು: "ಇವು ಮುಗದ ಮ್ಯಾಲ ಮತ್ತ ಯಾವ್ದರ ಐತೇನ್ರಿ?"

ಮತ್ತೆ ಯಾವುದೂ ಇರಲಿಲ್ಲ. ಸುವ್ರತಾ ಹೊರಗೆ ಬಂದಳು. ಮರುದಿನ ತನ್ನ ಮೇಲಧಿಕಾರಿಗೆ ಪತ್ರ ಬರೆದಳು. ತಾನು ಬೇರೆ ಯಾವ ಕೆಲಸವನ್ನೂ ಕೇಳುವುದಿಲ್ಲ, ಈ ಕ್ಷಯಕ್ಕೆ ಔಷಧ ಹುಡುಕುವ ಕೆಲಸ ಕೊಡಬೇಕು ಎಂದು.

ಕ್ಷಯದ ರೋಗಾಣು ನಿಧಾನಿ. ಬೇರೆ ರೋಗಾಣುಗಳು ಗಾಜಿನ ತಟ್ಟೆಯಲ್ಲಿ ಒಂದು ದಿನದಲ್ಲಿ ಬೆಳೆದರೆ ಇದಕ್ಕೆ ವಾರಗಟ್ಟಲೆ ಬೇಕು. ಹೊಸ ಪದಾರ್ಥವೊಂದನ್ನು ತಯಾರಿಸಿ ರೋಗಾಣುವಿನ ಮೇಲೆ ಹಾಕಿದರೆ, ಅದು ಸತ್ತಿತೋ ಇಲ್ಲವೋ ತಿಳಿಯಲು ತಿಂಗಳು ಕಾಯಬೇಕು. ಸುವ್ರತಾ ಕಾದಳು. ಹೆಚ್ಚಿನವು ಏನೂ ಮಾಡಲಿಲ್ಲ. ಕೆಲವು ರೋಗಾಣುವನ್ನು ಕೊಂದವು, ಇಲಿಯನ್ನೂ ಕೊಂದವು. ಒಂದಂತೂ ಎಲ್ಲ ಪರೀಕ್ಷೆಗಳಲ್ಲೂ ಗೆದ್ದು, ಕೊನೆಗೆ ನೀರಿನಲ್ಲಿ ಕರಗದೆ ಸೋತಿತು. ಜೊತೆಗೆ ಸೇರಿದವರಲ್ಲಿ ಇಬ್ಬರು ಬೇರೆ ಕೆಲಸ ನೋಡಿಕೊಂಡು ಹೋದರು. ಈಕೆ ಹೋಗಲಿಲ್ಲ.

ಒಂಬತ್ತನೆಯ ವರ್ಷ ಇನ್ನೂರ ಎಪ್ಪತ್ತೊಂದನೆಯ ಪದಾರ್ಥ ಕೈಗೂಡಿತು. ಗಾಜಿನಲ್ಲಿ ರೋಗಾಣುವನ್ನು ಕೊಂದಿತು. ಇಲಿಯ ಶ್ವಾಸಕೋಶದಲ್ಲೂ ಕೊಂದಿತು. ಇಲಿ ಬದುಕಿತು. ಅನುಮತಿಗಳೆಲ್ಲ ಬಂದವು. ಬೇರೆ ದಾರಿಯೇ ಇಲ್ಲದಿದ್ದ ನಲವತ್ತನಾಲ್ಕು ರೋಗಿಗಳು ಒಪ್ಪಿ ಸಹಿ ಹಾಕಿದರು. ನನ್ನ ವಾರ್ಡಿನಲ್ಲೇ ಔಷಧ ಶುರುವಾಯಿತು.

ಎರಡು ತಿಂಗಳಲ್ಲಿ ಮೂವತ್ತೊಂಬತ್ತು ಜನರ ಕಫ ಶುದ್ಧವಾಯಿತು. ಅಷ್ಟು ವರ್ಷಗಳಲ್ಲಿ ನಾನು ಅಂಥದ್ದನ್ನು ಕಂಡಿರಲಿಲ್ಲ. ಮಂಚ ಹಿಡಿದವರು ಎದ್ದು ಅಂಗಳದಲ್ಲಿ ಓಡಾಡಿದರು. ಆರು ತಿಂಗಳ ಔಷಧದಲ್ಲಿ ಉಳಿದ ನಾಲ್ಕು ತಿಂಗಳ ಮಾತ್ರೆಗಳನ್ನು ಕೊಟ್ಟು, ಆಗಾಗ ತಪಾಸಣೆಗೆ ಬರಲು ಹೇಳಿ, ಒಬ್ಬೊಬ್ಬರನ್ನೇ ಮನೆಗೆ ಕಳಿಸಿದೆವು. ಮುಂದಿನ ಹಂತಕ್ಕೆ ಐದು ಊರುಗಳಲ್ಲಿ ನಾನೂರು ಜನರ ಪಟ್ಟಿ ಸಿದ್ಧವಾಯಿತು. ಪ್ರಾರಂಭದ ದಿನವೂ ನಿಗದಿಯಾಯಿತು.

ಸುವ್ರತಾಳಿಗೆ ಒಂದು ಅಭ್ಯಾಸ ಇತ್ತು. ರೋಗಿಗಳ ದಾಖಲೆಗಳನ್ನು ಪ್ರತಿ ಶನಿವಾರ ತಾನೇ ಕೂತು ಓದುತ್ತಿದ್ದಳು. ಅಂಕಿಗಳನ್ನು ನೋಡಿಕೊಳ್ಳಲು ಬೇರೆಯವರಿದ್ದರು. ದಾದಿಯರು ಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದದ್ದನ್ನು ಈಕೆ ಓದುವಳು. ಊಟ ಸೇರುತ್ತಿಲ್ಲ, ಮಗಳ ನೆನಪು, ನಿದ್ದೆ ಚೆನ್ನಾಗಿದೆ, ಇಂಥವು.

ಒಂದು ಶನಿವಾರ ಇಪ್ಪತ್ತಾರನೆಯ ರೋಗಿಯ ಹಾಳೆಯಲ್ಲಿ ಹೀಗಿತ್ತು: "ತಾಳದ ದನಿ ಮೊದಲಿನಂತೆ ಕೇಳುವುದಿಲ್ಲ ಎನ್ನುತ್ತಾರೆ." ಅದರ ಕೆಳಗೆ ವೈದ್ಯರ ಅಕ್ಷರ: "ಕಿವಿ ಪರೀಕ್ಷೆ ಮಾಡಿದೆ. ಸಹಜ."

ಆ ರೋಗಿಯ ಹೆಸರು ಮೋನಪ್ಪ ಕಂಚಗಾರ. ಕಂಚು ಎರಕ ಹೊಯ್ದು ಭಜನೆಯ ತಾಳ ಮಾಡುವವನು. ಅವನ ಕಿವಿ ಪರೀಕ್ಷಿಸಿ ಸಹಜ ಎಂದು ಬರೆದ ವೈದ್ಯ ನಾನೇ. ನಿಯಮದಲ್ಲಿ ಹೇಳಿದ ಪರೀಕ್ಷೆಯನ್ನು ನಿಯಮದಂತೆ ಮಾಡಿದ್ದೆ. ಅವನು ಎಲ್ಲ ದನಿಗಳಿಗೂ ಸರಿಯಾಗಿ ಕೈ ಎತ್ತಿದ್ದ.

ಸುವ್ರತಾ ನನ್ನ ಬಳಿ ಬಂದು ಕೇಳಿದಳು. ನಾನು ಹೇಳಿದೆ, "ಆರು ತಿಂಗಳು ಹಾಸಿಗೆಯಲ್ಲಿದ್ದವನಮ್ಮ. ಕೈಯಲ್ಲಿ ಬಲ ಇಲ್ಲ. ತಾಳ ಸರಿಯಾಗಿ ಕೂಡುತ್ತಿಲ್ಲ, ಕಿವಿಯ ಮೇಲೆ ಹಾಕುತ್ತಾನೆ."

ಆಕೆ ತಲೆಯಾಡಿಸಿ ಹೋದಳು. ಮೂರು ದಿನ ಬೇರೆ ಕೆಲಸ ಮಾಡಿದಳು. ಮಾಡಿದ್ದೊಂದೂ ನೆಟ್ಟಗಾಗಲಿಲ್ಲ. ಬಟ್ಟಲಿಗೆ ಹಾಕಿದ ಪದಾರ್ಥವನ್ನೇ ಮತ್ತೊಮ್ಮೆ ಹಾಕಿದಳು. ನಾಲ್ಕನೆಯ ದಿನ ಬೆಳಿಗ್ಗೆ ಬಸ್ಸು ಹತ್ತಿ ಮೋನಪ್ಪನ ಊರಿಗೆ ಹೋದಳು.

ಮೋನಪ್ಪನ ಮನೆಯ ಮುಂದೆ ಕುಲುಮೆ ಇತ್ತು. ಅವನು ಕೂತು ಒಂದು ತಾಳದ ಅಂಚನ್ನು ಅರದಿಂದ ಉಜ್ಜುತ್ತಿದ್ದ. ಹೆಂಡತಿ ಕಾಳವ್ವ ಹುಣಸೆ ನೀರಿನಲ್ಲಿ ಬೇರೆ ತಾಳಗಳನ್ನು ಬೆಳಗುತ್ತಿದ್ದಳು. ಸುವ್ರತಾಳನ್ನು ಕಂಡು ಮೋನಪ್ಪ ಗಾಬರಿಯಾದ.

"ಬಾಯಾರ, ನೀವು ಇಲ್ಲೀತನಕ ಬಂದ್ರಿ? ಗುಳಿಗಿ ತಪ್ಪಿಸಿಲ್ರಿ ನಾ. ಒಂದ ದಿನಾನೂ ತಪ್ಪಿಸಿಲ್ಲ."

"ಗುಳಿಗಿ ಮಾತಲ್ಲ ಮೋನಪ್ಪನವರ. ತಾಳದ ದನಿ ಸರಿ ಕೇಳೂದಿಲ್ಲ ಅಂತ ಸಿಸ್ಟರ್ ಮುಂದ ಹೇಳಿದ್ರಂತ. ಅದನ್ನ ತಿಳ್ಕೊಳ್ಳಾಕ ಬಂದೆ."

ಮೋನಪ್ಪ ಹೆಂಡತಿಯ ಕಡೆ ನೋಡಿದ. ಹೇಳಬೇಕೋ ಬೇಡವೋ ಎಂದು ತಡೆದು, ಆಮೇಲೆ ಹೇಳಿದ.

"ಬಡದ ಕೂಡ್ಲೆ ಕೇಳಸ್ತೈತ್ರಿ. ಆದ್ರ ಅದರ ಮ್ಯಾಲ ಒಂದು ಸಣ್ಣ ಎಳಿ ಇರತಿತ್ತು, ಭಾಳ ಹೊತ್ತು ಹೋಗೂದು. ಅದು ಬರೂದಿಲ್ಲ ಈಗ. ಕಂಚಿನ್ಯಾಗ ತವರ ಹೆಚ್ಚು ಕಡಿಮಿ ಆತೇನೋ ಅಂದ್ಕೊಂಡೆ. ಮೂರು ಸಲ ಕರಗಿಸಿ ಎರದೆ. ಬರಲಿಲ್ಲ."

ಭಜನಾ ಮಂಡಳಿಯವರು ಒಯ್ದ ತಾಳಗಳನ್ನು ತಿರುಗಿ ತಂದು ಕೊಟ್ಟಿದ್ದರು. ಅವನ ಅಪ್ಪನ ಕಾಲದಿಂದ ಆ ಮನೆಗೆ ತಾಳ ತಿರುಗಿ ಬಂದದ್ದಿಲ್ಲ. ಆ ವಿಷಯವನ್ನು ಅವನು ಹೇಳಲಿಲ್ಲ. ಕಾಳವ್ವ ಹೇಳಿದಳು. ಮೋನಪ್ಪ ತಲೆ ತಗ್ಗಿಸಿ ಅರ ಒರೆಸುತ್ತಿದ್ದ.

ಸುವ್ರತಾ ಅವನಿಗೆ ಎರಡು ತಾಳಗಳನ್ನು ಒಂದೊಂದಾಗಿ ಬಾರಿಸಲು ಹೇಳಿದಳು. ಅವನು ಬಲಗೈಯದನ್ನು ಬಾರಿಸಿದ. ಎಡಗೈಯದನ್ನು ಬಾರಿಸಿದ. ಕಿವಿಗೊಟ್ಟು ಕೇಳಿದ.

"ಎರಡೂ ಒಂದ ಅದಾವ್ರಿ," ಎಂದ.

"ಒಂದ ಇಲ್ಲ," ಎಂದಳು ಕಾಳವ್ವ. "ಎಡಗೈಯಾಗಿಂದು ಜಲ್ದಿ ನಿಂದರತೈತಿ."

ಸುವ್ರತಾ ಸಂಗೀತ ಕಲಿತವಳಲ್ಲ. ಆದರೂ ಅವಳಿಗೆ ಕೇಳಿಸಿತ್ತು. ಬಲಗೈಯ ತಾಳದ ದನಿ ಗಾಳಿಯಲ್ಲಿ ಉಳಿದು, ಸಣ್ಣದಾಗುತ್ತ ಹೋಯಿತು. ಎಡಗೈಯದು ನಡುವೆಯೇ ಸತ್ತಿತು. ಅಷ್ಟು ಸ್ಪಷ್ಟವಾಗಿದ್ದದ್ದು ಇಪ್ಪತ್ತೆಂಟು ವರ್ಷ ತಾಳ ಕೂಡಿಸಿದವನಿಗೆ ಕೇಳಲಿಲ್ಲ.

ಆಕೆ ಅವನ ಮನೆಯಲ್ಲಿ ಒಂದು ಲೋಟ ನೀರು ಕುಡಿದು ಬಸ್ಸು ಹತ್ತಿದಳು.

ಬಸ್ಸಿನಲ್ಲಿ ಆಕೆಗೆ ಎಲ್ಲ ಅರ್ಥವಾಯಿತು. ಔಷಧ ಕಿವಿಯ ಒಳಭಾಗಕ್ಕೆ ಹೋಗುತ್ತಿದೆ. ಮೊದಲು ಅತಿ ಎತ್ತರದ ದನಿಗಳನ್ನು ಕಸಿಯುತ್ತಿದೆ. ನಿಯಮದ ಪರೀಕ್ಷೆ ಅಷ್ಟು ಎತ್ತರದ ದನಿಯನ್ನು ಕೇಳಿಸುವುದೇ ಇಲ್ಲ. ಸಾಮಾನ್ಯ ಜನ ಅದನ್ನು ಕಳೆದುಕೊಂಡರೂ ಗೊತ್ತಾಗುವುದಿಲ್ಲ. ಇಂದು ತಾಳದ ಎಳೆ ಹೋಗಿದೆ. ಔಷಧ ಮುಂದುವರಿದರೆ ನಾಳೆ ಮಾತಿನ ದನಿ ಹೋಗಬಹುದು.

ಇನ್ನೊಂದು ಯೋಚನೆಯೂ ಬಂತು. ಇದು ಯಾರಿಗೂ ಗೊತ್ತಿಲ್ಲ. ನಲವತ್ತನಾಲ್ಕು ಜನರಲ್ಲಿ ತಾಳ ಮಾಡುವವನು ಒಬ್ಬನೇ. ಅವನೂ ತವರದ ತಪ್ಪು ಎಂದುಕೊಂಡಿದ್ದಾನೆ. ಮೂರು ವಾರ ಸುಮ್ಮನಿದ್ದರೆ ನಾನೂರು ಜನರಿಗೆ ಔಷಧ ಶುರುವಾಗುತ್ತದೆ. ಒಂಬತ್ತು ವರ್ಷದ ಕೆಲಸ ದಡ ಸೇರುತ್ತದೆ.

ಆ ಯೋಚನೆ ತನ್ನದೇ ಎಂದು ಆಕೆಗೆ ಗೊತ್ತಿತ್ತು. ಆಕೆ ಅದನ್ನು ಬೇರೆಯವರ ಮೇಲೆ ಹಾಕಲಿಲ್ಲ. ಮುಂದೆ ಎಷ್ಟೋ ವರ್ಷಗಳ ಮೇಲೆ ನನ್ನ ಮುಂದೆ ಹೇಳಿದಳು: "ಸರ್, ಮನಸ್ಸು ಗಟ್ಟಿಯಾದದ್ದು ಕಡೇ ಅರ್ಧ ಗಂಟೆಯಲ್ಲಿ. ಅವತ್ತು ಬಸ್ಸು ಅಷ್ಟು ಮೊದಲೇ ಊರು ಮುಟ್ಟಿದ್ದರೆ ಏನು ಮಾಡ್ತಿದ್ದೆನೋ ಗೊತ್ತಿಲ್ಲ."

ಊರು ಮುಟ್ಟಿದ ಕೂಡಲೇ ಆಕೆ ಎಂಜಿನಿಯರಿಂಗ್ ಕಾಲೇಜಿಗೆ ಹೋದಳು. ಎತ್ತರದ ದನಿ ಹೊರಡಿಸುವ ಯಂತ್ರವೊಂದನ್ನು ಬೇಡಿ ತಂದಳು. ಅದನ್ನು ನನ್ನ ಮೇಜಿನ ಮೇಲೆ ಇಟ್ಟು, "ಸರ್, ನಲವತ್ತನಾಲ್ಕೂ ಜನರನ್ನು ಕರೆಸಬೇಕು," ಎಂದಳು.

ನನಗೆ ಸಿಟ್ಟು ಬಂತು. ನನ್ನ ಸಹಿಯನ್ನು ಆಕೆ ನಂಬಲಿಲ್ಲವಲ್ಲ ಎಂದು. ಆದರೂ ಕರೆಸಿದೆ.

ಒಬ್ಬೊಬ್ಬರನ್ನೇ ಕೂರಿಸಿ ಪರೀಕ್ಷಿಸಿದೆವು. ಹೋಲಿಸಿ ನೋಡಲು ಅದೇ ವಯಸ್ಸಿನ ದಾದಿಯರನ್ನು, ರೋಗಿಗಳ ಜೊತೆಗೆ ಬಂದವರನ್ನು ಪರೀಕ್ಷಿಸಿದೆವು. ಅವರಿಗೆ ದನಿ ಕೇಳಿಸಿತು. ರೋಗಿಗಳಲ್ಲಿ ಹದಿನೇಳು ಜನ ಕೈ ಎತ್ತಲೇ ಇಲ್ಲ. ಯಂತ್ರ ಕೂಗುತ್ತಿತ್ತು. ಅವರು ನಮ್ಮ ಮುಖ ನೋಡುತ್ತ, ಯಾವಾಗ ಶುರುಮಾಡುತ್ತೀರಿ ಎಂದು ಕಾಯುತ್ತಿದ್ದರು.

ಸುವ್ರತಾ ಸಂಸ್ಥೆಯ ನಿರ್ದೇಶಕರ ಬಳಿಗೆ ಹೋದಳು. ನಾನೂ ಹೋದೆ. ನಿರ್ದೇಶಕರು ಕೆಟ್ಟವರಲ್ಲ. ಅವರು ಆ ನಾನೂರು ಹೆಸರುಗಳ ಪಟ್ಟಿಯನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಎಲ್ಲ ಕೇಳಿಸಿಕೊಂಡು ಹೇಳಿದರು:

"ಈ ಪಟ್ಟಿಯಲ್ಲಿ ಇರುವವರಿಗೆ ಬೇರೆ ಔಷಧ ಇಲ್ಲ. ತಡ ಮಾಡಿದರೆ ಇವರಲ್ಲಿ ಎಷ್ಟೋ ಜನ ಸಾಯುತ್ತಾರೆ. ಬದುಕು ಬೇಕೋ, ಎತ್ತರದ ದನಿ ಬೇಕೋ ಅಂತ ಅವರನ್ನು ಕೇಳಿದರೆ ಏನು ಹೇಳುತ್ತಾರೆ, ನೀವೇ ಹೇಳಿ."

ಅದು ಸುಳ್ಳಾಗಿರಲಿಲ್ಲ.

ಸುವ್ರತಾ ಹೇಳಿದಳು, "ಅದನ್ನೇ ಕೇಳೋಣ ಸರ್. ಈಗಾಗಲೇ ನುಂಗುತ್ತಿರುವವರನ್ನೂ ಇದುವರೆಗೆ ನಾವು ಕೇಳಿಲ್ಲ. ಅಪಾಯ ಎಷ್ಟೆಂದು ತಿಳಿಯುವ ತನಕ ಹೊಸಬರಿಗೆ ಕೊಡುವುದು ಬೇಡ."

ನಿರ್ದೇಶಕರು ಬಹಳ ಹೊತ್ತು ಪಟ್ಟಿಯನ್ನೇ ನೋಡಿದರು. ಆಮೇಲೆ ನಾನೂರು ಜನರ ಪ್ರಯೋಗವನ್ನು ನಿಲ್ಲಿಸುವ ಕಾಗದಕ್ಕೆ ಸಹಿ ಹಾಕಿದರು. ಆ ಕಾಗದವನ್ನು ಬರೆದವಳು ಸುವ್ರತಾ. ತನ್ನ ಔಷಧವನ್ನು ತಾನೇ ನಿಲ್ಲಿಸಿದಳು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಅಳಲಿಲ್ಲ. ಆಮೇಲೆ ಎದ್ದು ವಾರ್ಡಿಗೆ ಬಂದಳು.

ನಲವತ್ತನಾಲ್ಕು ಜನರಿಗೂ ಆಕೆಯೇ ಹೇಳಿದಳು. ಯಾರ ಕೈಯಲ್ಲೂ ಹೇಳಿಸಲಿಲ್ಲ. ಔಷಧ ಕ್ಷಯವನ್ನು ವಾಸಿ ಮಾಡುತ್ತಿದೆ, ಕಿವಿಗೆ ಪೆಟ್ಟು ಕೊಡುತ್ತಿದೆ. ಮುಂದುವರಿಸಿದರೆ ವಾರಕ್ಕೊಮ್ಮೆ ಕಿವಿ ನೋಡುತ್ತೇವೆ. ಬಿಟ್ಟರೆ ಹಳೆಯ ಮಾತ್ರೆಗಳು ಇವೆ, ಅವು ನಿಮ್ಮಲ್ಲಿ ಹೆಚ್ಚು ಕೆಲಸ ಮಾಡಿಲ್ಲ. ಯಾವುದು ಬೇಕೆಂದು ನೀವು ಹೇಳಬೇಕು.

ಮೋನಪ್ಪನ ಸರದಿ ಬಂತು. ಅವನು ಪೂರ್ತಿ ಕೇಳಿಸಿಕೊಂಡ.

"ಹಂಗಾರ ತವರದ ತಪ್ಪಲ್ಲ," ಎಂದ.

"ಅಲ್ಲ. ನಾ ಮಾಡಿದ ಔಷಧದ್ದು."

"ಕೈದೂ ಅಲ್ಲ?"

"ಅಲ್ಲ. ನಿಮ್ಮ ಕೈಗೆ ಏನೂ ಆಗಿಲ್ಲ."

ಮೋನಪ್ಪ ಉಸಿರುಬಿಟ್ಟ. ತನ್ನ ಕೈಗಳನ್ನು ಒಂದು ಗಳಿಗೆ ನೋಡಿಕೊಂಡ. ಆಮೇಲೆ ಹೇಳಿದ:

"ನಮ್ಮಪ್ಪ ಕೆಮ್ಮಿ ಕೆಮ್ಮಿ ಸತ್ತದ್ದು ನೋಡೀನ್ರಿ. ಮೊದಲ ಕೇಳಿದ್ರೂ ನಾ ಗುಳಿಗಿ ಕೊಡ್ರಿ ಅಂತಿದ್ದೆ. ಈಗೂ ಅಂತೀನಿ. ಆದ್ರ ಅನ್ನೂದು ನನ್ನ ಬಾಯಿಲೆ ಬರಬೇಕಿತ್ತು. ನಿಮಗ ಗೊತ್ತಿರಲಿಲ್ಲ, ಖರೆ. ಮುಂದ ಬರೋರಿಗೆ ಮೊದಲ ಹೇಳ್ರಿ."

ಅವನು ಮುಂದುವರಿಸಿದ. ಹಾಗೆ ಮುಂದುವರಿಸಿದವರು ಮೂವತ್ತೆಂಟು ಜನ. ಆರು ಜನ ಬಿಟ್ಟರು.

ಬಿಟ್ಟವರಲ್ಲಿ ಒಬ್ಬ ಬಸ್ಸು ಓಡಿಸುವವನು ಇದ್ದ. ಅವನ ಕೆಲಸಕ್ಕೆ ಕಿವಿ ಬೇಕು. ಕಿವಿ ಹೋಗಿ ಮನೆಯಲ್ಲಿ ಕೂರಲಾರೆ ಎಂದ. ಹಳೆಯ ಮಾತ್ರೆಗಳಿಗೆ ಹಿಂತಿರುಗಿದ. ಹದಿನಾಲ್ಕು ತಿಂಗಳ ಮೇಲೆ ಸತ್ತ.

ಇದನ್ನೂ ಹೇಳಬೇಕಾದ್ದು ನ್ಯಾಯ. ಸುವ್ರತಾ ಬಾಯಿ ತೆರೆಯದಿದ್ದರೆ ಆ ಮನುಷ್ಯ ಬದುಕುತ್ತಿದ್ದನೇನೋ. ಆಕೆಗೂ ಅದು ಗೊತ್ತಿತ್ತು. ಅವನ ಮನೆಗೆ ಹೋದಳು. ಅವನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಕರೆಯಲಿಲ್ಲ, ಹೋಗೆಂದೂ ಹೇಳಲಿಲ್ಲ.

"ನನ್ನಿಂದ ಹಿಂಗಾತು," ಎಂದಳು ಸುವ್ರತಾ.

"ಅವರು ತಾವ ಆರಿಸ್ಕೊಂಡ್ರು," ಎಂದಳು ಆ ಹೆಂಗಸು. "ಅಷ್ಟರ ಅವರ ಕೈಯಾಗ ಇತ್ತು. ನೀವು ಲಗೂನ ಚಲೋದೊಂದು ಔಷಧ ಮಾಡ್ರಿ. ಮಾಡಾಕ ಬರದಿದ್ರ ಇನ್ನೊಬ್ಬರಿಗೆ ಬಿಟ್ಟುಕೊಡ್ರಿ."

ಸುವ್ರತಾ ಅಲ್ಲಿಂದ ನೇರ ಪ್ರಯೋಗಾಲಯಕ್ಕೆ ಹೋದಳು.

ಅಷ್ಟರಲ್ಲಿ ಸಂಸ್ಥೆ ಆಕೆಯ ದೊಡ್ಡ ಪ್ರಯೋಗಾಲಯವನ್ನು ಬೇರೊಂದು ಕೆಲಸಕ್ಕೆ ಕೊಟ್ಟಿತ್ತು. ಆಕೆಗೆ ಉಳಿದದ್ದು ಒಂದು ಮೂಲೆಯ ಮೇಜು, ಒಬ್ಬ ಸಹಾಯಕಿ. ಆಕೆ ದೂರಲಿಲ್ಲ. ಇನ್ನೂರ ಎಪ್ಪತ್ತೊಂದನೆಯ ಪದಾರ್ಥದ ಅಣುರಚನೆಯ ಚಿತ್ರವನ್ನು ಗೋಡೆಗೆ ಅಂಟಿಸಿದಳು. ಅದರಲ್ಲಿ ರೋಗಾಣುವನ್ನು ಕೊಲ್ಲುವ ಭಾಗ ಯಾವುದು, ಕಿವಿಯನ್ನು ಕೆಡಿಸುವ ಭಾಗ ಯಾವುದು ಎಂದು ಹುಡುಕತೊಡಗಿದಳು. ಒಂದು ಭಾಗ ತೆಗೆದು ನೋಡಿದಳು, ರೋಗಾಣು ಸಾಯಲಿಲ್ಲ. ಇನ್ನೊಂದು ತೆಗೆದಳು, ಕಿವಿ ಉಳಿಯಿತು, ಪಿತ್ತಜನಕಾಂಗ ಕೆಟ್ಟಿತು. ಒಂದನ್ನು ತಿರುಗಿಸಿ ಜೋಡಿಸಿದಳು. ಅದು ಹೊಟ್ಟೆಯಲ್ಲೇ ಕರಗಿಹೋಗಿ ಶ್ವಾಸಕೋಶವನ್ನು ಮುಟ್ಟಲಿಲ್ಲ.

ಇಲಿಗಳ ಕಿವಿಯನ್ನು ದಿನವೂ ಪರೀಕ್ಷಿಸಬೇಕಿತ್ತು. ಯಂತ್ರವನ್ನು ಎಂಜಿನಿಯರಿಂಗ್ ಕಾಲೇಜಿನವರು ಹಿಂದಕ್ಕೆ ಒಯ್ದಿದ್ದರು. ತಿಂಗಳಿಗೊಮ್ಮೆ ಮಾತ್ರ ಕೊಡುವೆವು ಎಂದರು. ಸುವ್ರತಾ ಮೋನಪ್ಪನ ಊರಿಗೆ ಇನ್ನೊಮ್ಮೆ ಹೋದಳು.

ಮೋನಪ್ಪ ವಾಸಿಯಾಗಿದ್ದ. ಮೈ ತುಂಬಿಕೊಂಡಿದ್ದ. ಮಾತು ಚೆನ್ನಾಗಿ ಕೇಳಿಸುತ್ತಿತ್ತು. ತಾಳದ ಎಳೆ ಮಾತ್ರ ತಿರುಗಿ ಬರಲಿಲ್ಲ. ಈಗ ಅವನು ಎರೆದು ಬಡಿಯುತ್ತಿದ್ದ, ಕಾಳವ್ವ ಕೇಳಿ ಹೇಳುತ್ತಿದ್ದಳು. ಇಪ್ಪತ್ತು ವರ್ಷ ಬೆಳಗಿ ಬೆಳಗಿ ಅವಳ ಕಿವಿಗೆ ಎಲ್ಲವೂ ಗೊತ್ತಿತ್ತು. ಯಾರೂ ಅವಳನ್ನು ಕೇಳಿರಲಿಲ್ಲ, ಅಷ್ಟೆ. ಭಜನಾ ಮಂಡಳಿಯವರು ಮತ್ತೆ ಬರತೊಡಗಿದ್ದರು.

"ನನಗ ಭಾಳ ಸಣ್ಣ ತಾಳ ಬೇಕು," ಎಂದಳು ಸುವ್ರತಾ. "ದನಿ ಎಷ್ಟು ಮ್ಯಾಲ ಹೋಗತೈತೋ ಅಷ್ಟು ಮ್ಯಾಲ ಹೋಗಬೇಕು."

"ಯಾವ ಭಜನಿಗ್ರಿ?" ಎಂದು ಕೇಳಿದಳು ಕಾಳವ್ವ.

"ಇಲಿಗೆ."

ಕಾಳವ್ವ ನಕ್ಕಳು. ಮೋನಪ್ಪ ನಗಲಿಲ್ಲ. ಎಷ್ಟು ದಪ್ಪ, ಎಷ್ಟು ಅಗಲ ಎಂದು ಕೇಳಿಕೊಂಡ. ಒಂದು ವಾರದಲ್ಲಿ ನಾಲ್ಕು ಜೊತೆ ಮಾಡಿ ಕಳಿಸಿದ. ಬೆರಳಿನ ಉಗುರಿನಷ್ಟು ಸಣ್ಣವು.

ಸುವ್ರತಾ ದಿನವೂ ಬೆಳಿಗ್ಗೆ ಇಲಿಗಳ ಪಂಜರದ ಹಿಂದೆ ನಿಂತು ಅವನ್ನು ಬಾರಿಸುವಳು. ಕಿವಿ ನೆಟ್ಟಗಿರುವ ಇಲಿ ಆ ದನಿಗೆ ಕಿವಿಯನ್ನು ಪಟ್ಟನೆ ಹಿಂದಕ್ಕೆ ಎಳೆಯುತ್ತದೆ. ಕಿವಿ ಕೆಟ್ಟ ಇಲಿ ಸುಮ್ಮನೆ ತಿನ್ನುತ್ತಿರುತ್ತದೆ. ಸುಮ್ಮನೆ ತಿನ್ನುವ ಇಲಿ ಕಂಡ ದಿನ ಆ ಪದಾರ್ಥವನ್ನು ಕೈಬಿಡುವಳು. ಯಂತ್ರ ಬಂದಾಗ ಅದರಿಂದಲೂ ನೋಡುವಳು. ಯಂತ್ರವೂ ಅದನ್ನೇ ಹೇಳುತ್ತಿತ್ತು.

ಹೀಗೆ ಆರು ವರ್ಷ. ಮೊದಲಿನ ಒಂಬತ್ತರ ಮೇಲೆ ಆರು. ಕೆಲವರು ಆಕೆಯ ಮೇಜಿನ ಮುಂದೆ ಹಾದುಹೋಗುವಾಗ ದನಿ ತಗ್ಗಿಸಿ ಮಾತಾಡುತ್ತಿದ್ದರು. ನಾನೇ ಒಮ್ಮೆ ಕೇಳಿದೆ, "ಸಾಕೆನಿಸುವುದಿಲ್ಲವೇನಮ್ಮ?" ಎಂದು.

"ಅನಿಸುತ್ತೆ ಸರ್," ಎಂದಳು. "ಪ್ರತಿ ಸೋಮವಾರ ಅನಿಸುತ್ತೆ. ಮಂಗಳವಾರ ಬೇರೆ ಇಲಿ ಬಂದಿರುತ್ತೆ."

ಐವತ್ತಮೂರನೆಯ ಬದಲಾವಣೆ ಸರಿಹೊಂದಿತು. ರೋಗಾಣು ಸತ್ತಿತು, ಇಲಿ ತಾಳಕ್ಕೆ ಕಿವಿ ಎಳೆಯಿತು. ಒಂದು ತಿಂಗಳು ಎಳೆಯಿತು, ಆರು ತಿಂಗಳು ಎಳೆಯಿತು. ಮತ್ತೆ ಅನುಮತಿ, ಮತ್ತೆ ರೋಗಿಗಳು. ಈ ಸಲ ರೋಗಿಗಳು ಸಹಿ ಹಾಕುವ ಮೊದಲು ಸುವ್ರತಾ ಹಳೆಯ ಔಷಧದ ಕತೆಯನ್ನು ಪೂರ್ತಿ ಹೇಳಿದಳು. ಕೇಳಿ ಒಂಬತ್ತು ಜನ ಎದ್ದುಹೋದರು. ಉಳಿದವರು ಉಳಿದರು. ಮೊದಲ ದಿನದಿಂದಲೇ ಎತ್ತರದ ದನಿಯ ಪರೀಕ್ಷೆ ಇತ್ತು. ಅದನ್ನು ನಾನೇ ಮಾಡಿದೆ. ವಾರವಾರವೂ ಮಾಡಿದೆ. ಎಲ್ಲರೂ ಕೈ ಎತ್ತಿದರು.

ಹೊಸ ಔಷಧ ಹಳೆಯದರಷ್ಟು ಚುರುಕಲ್ಲ. ಆರು ತಿಂಗಳ ಬದಲು ಒಂಬತ್ತು ತಿಂಗಳು ಹಿಡಿಯುತ್ತದೆ. ಕೆಲವರಿಗೆ ಹೊಟ್ಟೆ ತೊಳಸುತ್ತದೆ. ಆದರೆ ವಾಸಿಯಾಗುತ್ತದೆ. ನಾನು ನಿವೃತ್ತನಾಗುವ ಮೊದಲು ನನ್ನ ವಾರ್ಡಿನಿಂದ ಆ ಮಾತ್ರೆ ನುಂಗಿ ನೂರ ಹನ್ನೆರಡು ಜನ ನಡೆದುಕೊಂಡು ಮನೆಗೆ ಹೋದರು. ಈಗ ಅದಕ್ಕೂ ಬಗ್ಗದ ರೋಗಾಣು ಒಂದಿಬ್ಬರಲ್ಲಿ ಕಂಡಿದೆಯಂತೆ. ಸುವ್ರತಾ ಮುಂದಿನದನ್ನು ಶುರುಮಾಡಿದ್ದಾಳೆ.

ಗುರುಗಳು ಕತೆ ನಿಲ್ಲಿಸಿದರು.

ಪ್ರಭಂಜನ ಕೇಳಿದ, "ಯಾವ ಸಮಿತಿಯೂ ಆಕೆಗೆ ನಿಲ್ಲಿಸು ಎಂದು ಹೇಳಿರಲಿಲ್ಲವೇ?"

"ಯಾರೂ ಹೇಳಿರಲಿಲ್ಲ. ಹೇಳುವಷ್ಟು ಯಾರಿಗೂ ಗೊತ್ತಿರಲಿಲ್ಲ."

"ಹಾಗಾದರೆ ಆಕೆಯ ಛಲ ಎಲ್ಲಿದೆ ಗುರುಗಳೇ? ಒಂಬತ್ತು ವರ್ಷ ಹಿಡಿದದ್ದರಲ್ಲೋ, ನಿಲ್ಲಿಸಿದ್ದರಲ್ಲೋ, ಮತ್ತೆ ಆರು ವರ್ಷ ದುಡಿದದ್ದರಲ್ಲೋ? ಅದು ತಿಳಿದರೆ ನಾನು ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ತಿಳಿಯುತ್ತದೆ."

ಗುರುಗಳು ಅವನನ್ನು ನೋಡಿದರು.

"ನಿನ್ನ ಮಾತ್ರೆ ನುಂಗಿದವರಲ್ಲಿ ಎಷ್ಟು ಜನರ ಮನೆಗೆ ಹೋಗಿ ಬಂದಿದ್ದೀಯಪ್ಪಾ?"

"ಒಬ್ಬರ ಮನೆಗೂ ಇಲ್ಲ," ಎಂದ ಪ್ರಭಂಜನ.